ಕಾಫಿ ಜಗ್ಗಿಗೆ ಕಾವಲಿದ್ದ ಕ್ಯಾಮೆರಾ



ಕಾಫಿ ಮುಗಿದುಹೋಗಿದೆ ಅನ್ನುವ ಸಂಕಟವನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆಸೆಯಿಂದ ಫಿಲ್ಟರಿನ ಮುಚ್ಚಳ ತೆಗೆದರೆ ತಳದಲ್ಲಿ ನಾಲ್ಕು ಹನಿ ಡಿಕಾಕ್ಷನ್! 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲೂ ಇದೇ ಗೋಳು. ಹತ್ತು ಹದಿನೈದು ಸಂಶೋಧಕರಿಗೆ ಒಂದೇ ಕಾಫಿ ಯಂತ್ರ. ಅದೂ ಟ್ರೋಜನ್ ರೂಮ್ ಎಂಬ ಕೋಣೆಯ ಹೊರಗಿನ ಓಣಿಯಲ್ಲಿ. ಬೇರೆ ಮಹಡಿಯಲ್ಲಿದ್ದವರು ಮೆಟ್ಟಿಲು ದಾಟಿ ಬರುವಷ್ಟರಲ್ಲಿ ಜಗ್ಗು ಖಾಲಿ.

ಕ್ವೆಂಟಿನ್ ಸ್ಟಾಫರ್ಡ್-ಫ್ರೇಜರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಒಂದು ಉಪಾಯ ಹೂಡಿದರು. ಜಗ್ಗಿನ ಕಡೆ ಮುಖ ಮಾಡಿ ಒಂದು ಕ್ಯಾಮೆರಾ ನಿಲ್ಲಿಸಿ, ತಂತಿ ಎಳೆದು ಕಂಪ್ಯೂಟರಿಗೆ ಜೋಡಿಸಿದರು. ನಿಮಿಷಕ್ಕೆ ಸುಮಾರು ಮೂರು ಬಾರಿ, ಅಂಚೆ ಚೀಟಿಯಷ್ಟು ಚಿಕ್ಕ ಕಪ್ಪು ಬಿಳುಪು ಚಿತ್ರ ಎಲ್ಲರ ಪರದೆಯ ಮೂಲೆಯಲ್ಲಿ ಬದಲಾಗುತ್ತಿತ್ತು. ಜಗ್ಗಿನಲ್ಲಿ ಕಪ್ಪಗೆ ಕಂಡರೆ ಎದ್ದು ಹೋಗುವುದು, ಇಲ್ಲದಿದ್ದರೆ ಕೆಲಸ ಮುಂದುವರಿಸುವುದು. ಅಷ್ಟೇ. 1993ರ ನವೆಂಬರಿನಲ್ಲಿ ಈ ಚಿತ್ರವನ್ನು ಜಾಲತಾಣಕ್ಕೆ ಏರಿಸಿದಾಗ ಜಗತ್ತೆಲ್ಲ ಇಣುಕತೊಡಗಿತು. ಅಮೆರಿಕದಲ್ಲೋ ಜಪಾನಿನಲ್ಲೋ ಕೂತು, ತಮಗೆ ಒಂದು ಗುಟುಕೂ ಸಿಗದ ಕಾಫಿಯನ್ನು ಜನ ನೋಡಿದ್ದೇ ನೋಡಿದ್ದು! ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಹೋದಾಗ, 2001ರ ಆಗಸ್ಟ್ 22ರಂದು ಕ್ಯಾಮೆರಾ ಆರಿಸಿದರು. ಹಳೆಯ ಕಾಫಿ ಯಂತ್ರವನ್ನು ಜರ್ಮನಿಯ ಶ್ಪೀಗೆಲ್ ಆನ್‌ಲೈನ್ 3,350 ಪೌಂಡ್ ಕೊಟ್ಟು ಹರಾಜಿನಲ್ಲಿ ಕೊಂಡಿತು.

ಅಂದ ಹಾಗೆ, ಬಾಯಾರಿಕೆಯ ಈ ಇತಿಹಾಸದಲ್ಲಿ ಕೇಂಬ್ರಿಜ್ ಮೊದಲನೆಯದಲ್ಲ. ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1982ರ ಹೊತ್ತಿಗೇ ಒಂದು ಕೋಕಾ ಕೋಲಾ ಯಂತ್ರ ಕಂಪ್ಯೂಟರಿನೊಡನೆ ಮಾತಿಗೆ ಕೂತಿತ್ತು. ಅಷ್ಟು ದೂರ ನಡೆದು ಹೋದರೆ ಒಂದೋ ಬಾಟಲಿ ಇಲ್ಲ, ಇದ್ದರೂ ತಣ್ಣಗಾಗಿಲ್ಲ ಎಂಬುದು ಡೇವಿಡ್ ನಿಕೋಲ್ಸ್ ಎಂಬ ವಿದ್ಯಾರ್ಥಿಯ ಬೇಸರ. ಅವರು ಗೆಳೆಯರೊಂದಿಗೆ ಸೇರಿ ಮಾಡಿದ ಕೆಲಸದ ಜಾಣ್ಮೆ ನೋಡಿ. ಯಂತ್ರದೊಳಗೆ ಏನನ್ನೂ ಅಳೆಯಲಿಲ್ಲ, ಅದರ ದೀಪಗಳನ್ನು ಮಾತ್ರ ಗಮನಿಸಿದರು. ಬಾಟಲಿ ಮಾರಾಟವಾದರೆ ಆ ಸಾಲಿನ ದೀಪ ಕೆಲವು ಸೆಕೆಂಡು ಹೊತ್ತಿ ಆರುತ್ತಿತ್ತು. ಸಾಲು ಖಾಲಿಯಾದರೆ ಹೊತ್ತಿಯೇ ಇರುತ್ತಿತ್ತು. ಮತ್ತೆ ತುಂಬಿದಾಗ ದೀಪ ಆರಿದ ಹೊತ್ತನ್ನು ಬರೆದಿಟ್ಟುಕೊಂಡು, ಮೂರು ತಾಸು ಕಳೆದರೆ 'ತಣ್ಣಗಿದೆ' ಎಂದು ಕಂಪ್ಯೂಟರ್ ಹೇಳುತ್ತಿತ್ತು. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ಟಿನಲ್ಲಿದ್ದ ಯಾವ ಕಂಪ್ಯೂಟರಿನಿಂದಲೂ ಇದನ್ನು ವಿಚಾರಿಸಬಹುದಿತ್ತು. ಇದ್ದ ಕಂಪ್ಯೂಟರುಗಳೇ ಮುನ್ನೂರಕ್ಕಿಂತ ಕಡಿಮೆ, ಬಿಡಿ.

1990ರಲ್ಲಿ ಜಾನ್ ರೋಮ್ಕಿ ಮತ್ತು ಸೈಮನ್ ಹ್ಯಾಕೆಟ್ ಪಂಥ ಕಟ್ಟಿದಂತೆ ಬ್ರೆಡ್ ಟೋಸ್ಟರನ್ನೇ ಇಂಟರ್ನೆಟ್ಟಿಗೆ ಸಿಕ್ಕಿಸಿ, ಇಂಟರಾಪ್ ಮೇಳದಲ್ಲಿ ತೋರಿಸಿದರು. ಬ್ರೆಡ್ ಇಡಲು ಮಾತ್ರ ಕೈಯೇ ಬೇಕಿತ್ತು. ಮುಂದಿನ ವರ್ಷ ಅದಕ್ಕೂ ಒಂದು ಪುಟ್ಟ ಕ್ರೇನ್ ಬಂತು.

ಇವೆಲ್ಲ ತಮಾಷೆಯಾಗಿಯೇ ಉಳಿಯಬಹುದಿತ್ತು. 1999ರಲ್ಲಿ ಕೆವಿನ್ ಆಶ್ಟನ್ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ದೊಡ್ಡವರ ಮುಂದೆ ಮಾತಾಡುವಾಗ 'ಇಂಟರ್ನೆಟ್ ಆಫ್ ಥಿಂಗ್ಸ್' ಎಂಬ ಹೆಸರು ಬಳಸಿದರು. ಅವರನ್ನು ಕಾಡಿದ್ದೂ ಖಾಲಿಯಾದ ವಸ್ತುವೇ! ಒಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಯ ಕಪಾಟಿನಲ್ಲಿ ಮುಗಿದಿದ್ದರೂ ಕಂಪನಿಗೆ ತಿಳಿಯುತ್ತಿರಲಿಲ್ಲ. 2000ದಲ್ಲಿ ಎಲ್‌ಜಿ ತಂದ ಇಂಟರ್ನೆಟ್ ಫ್ರಿಜ್ಜಿನ ಬೆಲೆ 20,000 ಡಾಲರಿಗೂ ಹೆಚ್ಚು. ತರಕಾರಿ ಇಡಲು ಅಷ್ಟು ಕೊಡುವವರು ಸಿಗಲಿಲ್ಲ. ಬೆಲೆ ಇಳಿಯಬೇಕಿತ್ತು, ಇಳಿಯಿತು. 2014ರ ಸುಮಾರಿಗೆ ಕೆಲವೇ ಡಾಲರಿಗೆ ವೈಫೈ ಚಿಪ್ ಸಿಗತೊಡಗಿತು. ನಮ್ಮಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಈಗ ಎಳನೀರು ಮಾರುವವರ ಗಾಡಿಯಲ್ಲೂ ಸಿಮ್ ಇರುವ ಒಂದು ಪೆಟ್ಟಿಗೆ ಕೂತು, ಇಷ್ಟು ರೂಪಾಯಿ ಬಂತೆಂದು ಕೂಗುತ್ತದೆ. 2020ರ ಹೊತ್ತಿಗೆ 5,000 ಕೋಟಿ ಸಾಧನಗಳು ಎಂದು ದೊಡ್ಡ ಕಂಪನಿಗಳು ಹೇಳಿದ ಭವಿಷ್ಯ ಹುಸಿಯಾಯಿತು ಅನ್ನುವುದು ನಿಜ. ಆದರೆ ಬಂದಿರುವುದೇನು ಕಡಿಮೆಯೇ?

ಕೇಂಬ್ರಿಜ್ಜಿನ ಚಿತ್ರವನ್ನು ಯಾರು ಬೇಕಾದರೂ ನೋಡಬಹುದಿತ್ತು, ಕಾಣುತ್ತಿದ್ದದ್ದು ಕಾಫಿ ಮಾತ್ರ. ಇಂದಿನ ಕ್ಯಾಮೆರಾಗಳು ಮನೆಯೊಳಗಿವೆ. 2016ರ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಸಿಗದಂತಾದವು. ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದದ್ದು ಸೈನ್ಯವಲ್ಲ, ಜನರ ಮನೆಯ ಕ್ಯಾಮೆರಾ, ರೂಟರ್‌ಗಳು. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಮಿರಾಯ್ ಎಂಬ ದುಷ್ಟ ತಂತ್ರಾಂಶ ಅಂಥ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಹಿಡಿದು ಬಾಗಿಲು ಬಡಿಯುತ್ತ ಹೋಗಿತ್ತು. ಯಜಮಾನರಿಗೆ ಸುಳಿವೂ ಇರಲಿಲ್ಲ, ಏಕೆಂದರೆ ಕ್ಯಾಮೆರಾ ತನ್ನ ಎಂದಿನ ಕೆಲಸ ಮಾಡುತ್ತಲೇ ಇತ್ತು.

ಇದು ದೂರದ ಕಥೆಯಲ್ಲ. ಮುಂಬಯಿ, ಪುಣೆಯಲ್ಲಿರುವ ನಮ್ಮವರು ಎಷ್ಟೋ ಮಂದಿ ಊರಿಗೆ ಹೋದಾಗ ಅಪ್ಪ ಅಮ್ಮ ಇರುವ ಮನೆಯ ಜಗಲಿಗೆ, ನಡುಮನೆಗೆ ಕ್ಯಾಮೆರಾ ಹಾಕಿಸಿ ಬರುತ್ತಾರೆ. ಲೋಕಲ್ ಟ್ರೇನಿನಲ್ಲಿ ನಿಂತೇ ಫೋನ್ ತೆರೆದು, ಅಮ್ಮ ಎದ್ದಿದ್ದಾರೋ, ಅಪ್ಪ ಔಷಧಿ ತೆಗೆದುಕೊಂಡರೋ ನೋಡುತ್ತಾರೆ. ಅದರ ನೆಮ್ಮದಿಯನ್ನು ಹಗುರವಾಗಿ ಕಾಣಲು ನನ್ನಿಂದಾಗದು. 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಅದಕ್ಕೂ ಮೊದಲು ಊರಿನ ಗೋಡೆ ಏರಿದವು ಅಲ್ಲೇ ಇವೆ, ಅಂಗಡಿಯವನು ಜೋಡಿಸುವಾಗ ಇಟ್ಟ ಅದೇ ಪಾಸ್‌ವರ್ಡಿನೊಂದಿಗೆ.