ಹೆಸರು ಯಾವ ನೆಲದ್ದು?

ಹೈದರಾಬಾದಿನ ಬೇಗಂ ಬಜಾರಿನ ಒಣಹಣ್ಣಿನ ಅಂಗಡಿಗಳಲ್ಲಿ ಒಣದ್ರಾಕ್ಷಿಗೆ ಹಲವು ಹೆಸರುಗಳಿವೆ. ಬೀಜವಿಲ್ಲದ ಸಣ್ಣದು ಕಿಶ್ಮಿಶ್. ಬೀಜವಿರುವ ದಪ್ಪನೆಯದು ಮುನಕ್ಕಾ. ಮಹಾರಾಷ್ಟ್ರದ ಕಡೆಯ ವ್ಯಾಪಾರಿಗೆ ಅದು ಬೇದಾಣಾ; ಫಾರಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ದಾನಾ’ ಎಂದರೆ ಕಾಳು. ವಿಜಯಪುರದ ರೈತನಿಗೆ ಅದೇ ಮಣೂಕ. ಈ ಹೆಸರುಗಳು ಬೀಜದ ಬಗ್ಗೆ ಹೇಳುತ್ತವೆ, ಚೀಲ ಬಿಚ್ಚಿದರೆ ಬಣ್ಣ ಮತ್ತು ಗಾತ್ರ ದರವನ್ನು ಹೇಳುತ್ತವೆ. ದೂರದ ಅಫ್ಘಾನಿಸ್ತಾನದ ಮಾಲಿಗೆ ದೇಶದ ಹೆಸರು ಅಂಟಿಕೊಂಡೇ ಬರುತ್ತದೆ. 400 ಕಿಲೋಮೀಟರಿನೊಳಗಿರುವ ವಿಜಯಪುರದ ಹೆಸರು ಮಾತ್ರ ಗಿರಾಕಿಯ ಕಿವಿಗೆ ಬೀಳುವುದು ಅಪರೂಪ.

ನೆಲದ ಹೆಸರು ಹಣ್ಣಿನ ಜೊತೆ ಎಷ್ಟು ದೂರ ಹೋಗಬಲ್ಲದು ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಬಹು ಪ್ರಸಿದ್ಧವಾದ ಉತ್ತರ ಫ್ರಾನ್ಸಿನ ಷಾಂಪೇನ್. ಇಂದು ಆ ಪದ ಕೇಳಿದರೆ ಸೀಸೆ, ಬಿರಡೆ, ನೊರೆ ನೆನಪಾಗುತ್ತವೆ. ಅದರ ಮೂಲ ಅರ್ಥ ಮಾತ್ರ ಕನ್ನಡಿಗರಿಗೆ ಬಹಳ ಪರಿಚಿತವಾದದ್ದು. ಲ್ಯಾಟಿನ್ನಿನಲ್ಲಿ ‘ಕಾಂಪುಸ್’ ಎಂದರೆ ಬಯಲು. ಅದರಿಂದ ‘ಕಾಂಪಾನಿಯಾ’, ಅದರಿಂದ ‘ಷಾಂಪೇನ್’. ಒಂದೇ ಮಾತಿನಲ್ಲಿ ಹೇಳುವುದಾದರೆ, ಬಯಲುಸೀಮೆ.

ಶ್ರೀಮಂತ ಬಯಲೇನೂ ಅಲ್ಲ. ಸುಣ್ಣದ ಕಲ್ಲಿನ ಮೇಲೆ ತೆಳ್ಳಗೆ ಹರಡಿದ ಮಣ್ಣಿನ ಆ ಸೀಮೆಯ ಒಂದು ಭಾಗವನ್ನು ಫ್ರೆಂಚರೇ ‘ಹೇನು ಹತ್ತಿದ ಷಾಂಪೇನ್’ ಎಂದು ಹೀಗಳೆಯುತ್ತಿದ್ದರು. ಆ ಹೆಸರು ಮೊದಲು ಖ್ಯಾತವಾದದ್ದೂ ವೈನಿನಿಂದಲ್ಲ, ಸಂತೆಗಳಿಂದ. 12 ಮತ್ತು 13ನೇ ಶತಮಾನಗಳಲ್ಲಿ ತ್ರುವಾ, ಪ್ರೋವ್ಯಾನ್ ಮುಂತಾದ ಊರುಗಳ ಜಾತ್ರೆಗಳಿಗೆ ಉತ್ತರದ ಬಟ್ಟೆಯೂ ಇಟಲಿಯ ವರ್ತಕರು ತಂದ ಪೂರ್ವದೇಶದ ಸಾಂಬಾರ ಪದಾರ್ಥಗಳೂ ಬಂದು ಕೈ ಬದಲಾಗುತ್ತಿದ್ದವು. ಈ ಜಾತ್ರೆಗಳಿಗೆ ಷಾಂಪೇನಿನ ಪ್ರಭುಗಳ ರಕ್ಷಣೆ ಇತ್ತು. ಬೇಗಂ ಬಜಾರಿನ ಕಥೆಯೂ ಅಂಥದ್ದೇ. ಎರಡನೇ ನಿಜಾಮನ ಪತ್ನಿ ಹಮ್ದಾ ಬೇಗಂ ವರ್ತಕರಿಗೆ ಕೊಟ್ಟ ಜಾಗದಲ್ಲಿ ಈ ಪೇಟೆ ಬೆಳೆಯಿತೆಂದು ಪ್ರತೀತಿ. ಪೇಟೆಗೆ ಅರಸರ ಆಸರೆ ಬೇಕು, ಹೆಸರಿಗೂ ಬೇಕು.

ಷಾಂಪೇನಿನಲ್ಲಿ ದ್ರಾಕ್ಷಿ ಬೆಳೆಯುವುದು ಬಯಲಿನ ಅಂಚಿನ ಇಳಿಜಾರುಗಳಲ್ಲಿ. ಸೀಮೆಸುಣ್ಣದಂಥ ಆ ಕಲ್ಲು ಹೆಚ್ಚಾದ ಮಳೆಯನ್ನು ಬಸಿದುಬಿಡುತ್ತದೆ, ಒಣ ದಿನಗಳಿಗೆ ಬೇಕಾದ ತೇವವನ್ನು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಚಳಿ ಹೆಚ್ಚು, ಹಣ್ಣಿನಲ್ಲಿ ಹುಳಿ ಹೆಚ್ಚು. ಶರತ್ಕಾಲದಲ್ಲಿ ಹುಳಿಯಲು ಇಟ್ಟ ರಸ ಚಳಿಗಾಲದಲ್ಲಿ ಹುಳಿಯುವುದನ್ನು ನಿಲ್ಲಿಸಿ, ವಸಂತದಲ್ಲಿ ಮತ್ತೆ ಶುರುಮಾಡುತ್ತಿತ್ತು. ಹಾಗೆ ಹುಟ್ಟಿದ ಗುಳ್ಳೆ ಬಹುಕಾಲ ಒಂದು ದೋಷವಾಗಿತ್ತು. ಗುಳ್ಳೆಯನ್ನು ಕಂಡುಹಿಡಿದವನೆಂದು ಜನ ನಂಬಿರುವ ಓವಿಲೇ ಮಠದ ಸನ್ಯಾಸಿ ದೋಂ ಪೆರಿನ್ಯೋ ನಿಜಕ್ಕೂ ಅದನ್ನು ತಪ್ಪಿಸಲು ಶ್ರಮಿಸಿದವನು. ಮುಂದೆ ಆ ದೋಷವೇ ಗುಣವಾಯಿತು. ಸೀಸೆಯೊಳಗೇ ಎರಡನೇ ಸಲ ಹುಳಿಯಿಸಿ, ಸುಮಾರು ಆರು ವಾಯುಭಾರದಷ್ಟು ಒತ್ತಡವನ್ನು ಹಿಡಿದಿಡುವುದನ್ನು ಕಲಿತರು. ರೀಮ್ಸ್ ಊರಿನ ಕೆಳಗೆ ರೋಮನ್ನರ ಕಾಲದಿಂದ ಸುಣ್ಣಕಲ್ಲು ತೆಗೆದ ಗುಂಡಿಗಳೇ ತಂಪಾದ ನೆಲಮಾಳಿಗೆಗಳಾದವು. ನೆಲ, ಹವೆ, ಕೈಕಸುಬು ಮೂರೂ ಸೇರಿದ ಈ ಗುಣವನ್ನು ಫ್ರೆಂಚರು ‘ತೆರ್ವಾರ್’ ಎನ್ನುತ್ತಾರೆ. ‘ಅದು ಆ ಊರ ನೀರಿನ ಗುಣ’ ಎನ್ನುವಾಗ ಕನ್ನಡಿಗರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಗುಣ ನೆಲದ್ದಾದ ಮಾತ್ರಕ್ಕೆ ಹೆಸರು ನೆಲದವರದ್ದಾಗಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೆಲವು ಕಂಪನಿಗಳು ಬೇರೆ ಸೀಮೆಗಳಿಂದ ಅಗ್ಗದ ದ್ರಾಕ್ಷಿ ಮತ್ತು ವೈನನ್ನು ರೈಲಿನಲ್ಲಿ ತರಿಸಿ ಷಾಂಪೇನ್ ಎಂದು ಮಾರುತ್ತಿದ್ದವು. ಬೇರುಗಳನ್ನು ತಿನ್ನುವ ಫೈಲೋಕ್ಸೆರಾ ಕೀಟ ತೋಟಗಳಿಗೆ ಹೊಕ್ಕಿತ್ತು. 1910ರ ಫಸಲು ರೋಗ ಮತ್ತು ಮಳೆಗೆ ಸಿಕ್ಕಿ ಬಹುತೇಕ ಕೈಬಿಟ್ಟಿತು. 1911ರ ಜನವರಿಯಲ್ಲಿ ರೈತರು ಹೊರಗಿನ ವೈನನ್ನು ಮಾರ್ನ್ ನದಿಗೆ ಸುರಿದರು. ಏಪ್ರಿಲಿನಲ್ಲಿ ಅಯೀ ಊರಿನ ವೈನ್ ಮನೆಗಳು ಹೊತ್ತಿ ಉರಿದವು, ಸೈನ್ಯ ಬಂತು.

ಜಗಳ ರೈತರಿಗೂ ಕಂಪನಿಗಳಿಗೂ ಮಾತ್ರ ನಡೆಯಲಿಲ್ಲ. 1908ರಲ್ಲಿ ಸರ್ಕಾರ ಎಳೆದ ಗಡಿ ಮಾರ್ನ್ ಜಿಲ್ಲೆಯನ್ನು ಒಳಗಿಟ್ಟು ಒಬ್ ಜಿಲ್ಲೆಯನ್ನು ಹೊರಗಿಟ್ಟಿತ್ತು. ಷಾಂಪೇನಿನ ಹಳೆಯ ರಾಜಧಾನಿ ತ್ರುವಾ ಇರುವುದೇ ಒಬ್‌ನಲ್ಲಿ. ‘ನಾವು ಷಾಂಪೇನಿನವರಲ್ಲದಿದ್ದರೆ ಮತ್ಯಾರು’ ಎಂಬುದು ಅವರ ಸಂಕಟ. ಅವರನ್ನು ಮೊದಲು ‘ಎರಡನೇ ವಲಯ’ ಎಂದು ಕರೆದು ಅವಮಾನಿಸಲಾಯಿತು. 1927ರ ಕಾನೂನು ಅವರನ್ನೂ ಒಳಗೆ ಸೇರಿಸಿತು. ಇಂದು ಸುಮಾರು 34,000 ಹೆಕ್ಟೇರಿನ ಆ ಗಡಿಯೊಳಗೆ ಬೆಳೆದ, ಅಲ್ಲಿನ ನಿಯಮದಂತೆ ತಯಾರಾದ ವೈನಿಗೆ ಮಾತ್ರ ಆ ಹೆಸರು. ಭಾರತದ ಭೌಗೋಳಿಕ ಸೂಚಕ ಪಟ್ಟಿಯಲ್ಲೂ ಷಾಂಪೇನ್ ಇದೆ; ಅದೇ ವಿಧಾನದಲ್ಲಿ ಇಲ್ಲಿ ಯಾರು ನೊರೆವೈನ್ ಮಾಡಿದರೂ ಸೀಸೆಯ ಮೇಲೆ ಆ ಪದ ಬರೆಯುವಂತಿಲ್ಲ.

ಹೈದರಾಬಾದಿಗೂ ಒಂದು ಕಾಲದಲ್ಲಿ ಸ್ವಂತ ದ್ರಾಕ್ಷಿ ಇತ್ತು. ಅರಬ್ಬಿಯಲ್ಲಿ ‘ಇನಬ್’ ಎಂದರೆ ದ್ರಾಕ್ಷಿ. ಅನಾಬೆಶಾಹಿ ಎಂದರೆ ರಾಜದ್ರಾಕ್ಷಿ. ಸುಮಾರು 1890ರಲ್ಲಿ ಅಬ್ದುಲ್ ಬಾಕರ್ ಖಾನ್ ಈ ತಳಿಯನ್ನು ಹೈದರಾಬಾದಿಗೆ ತಂದರೆಂದು ತೋಟಗಾರಿಕೆಯ ಬರಹಗಳು ಹೇಳುತ್ತವೆ. ಉದ್ದನೆಯ, ಬೀಜವಿರುವ ಈ ಬಿಳಿ ಹಣ್ಣು ನಗರದ ಸುತ್ತಲಿನ ತೋಟಗಳಲ್ಲಿ ಭರಪೂರ ಫಸಲು ಕೊಟ್ಟಿತು. ಬೇಗಂ ಬಜಾರಿನ ಸಮೀಪವೇ 1935ರಲ್ಲಿ ಕಟ್ಟಿದ ಮೊಅಜ್ಜಂ ಜಾಹಿ ಮಾರುಕಟ್ಟೆ ಹಣ್ಣಿನ ವ್ಯಾಪಾರಕ್ಕೆ ಹೆಸರಾಯಿತು. ಆಮೇಲೆ ನಗರ ಬೆಳೆಯಿತು, ತೋಟಗಳ ಜಾಗಕ್ಕೆ ಸೈಟುಗಳು ಬಂದವು, ಗಿರಾಕಿಯ ನಾಲಿಗೆ ಬೀಜವಿಲ್ಲದ ಹಣ್ಣಿಗೆ ಒಗ್ಗಿತು. ಅನಾಬೆಶಾಹಿಯ ಒಂದು ಕವಲು ಕರ್ನಾಟಕದಲ್ಲಿ ಉಳಿದಿದೆ. ಬೆಂಗಳೂರು ಸುತ್ತಲಿನ ಸೀಮೆಯಲ್ಲಿ ಬೆಳೆಯುವ ‘ದಿಲ್‌ಖುಷ್’ ಅದರಿಂದ ಬಂದದ್ದೇ. ಹಣ್ಣು ಬದುಕಿತು, ಆದರೆ ಅದರ ಹೆಸರಿನಲ್ಲಿ ಹೈದರಾಬಾದಿನ ನೆನಪಿಲ್ಲ. 2010ರಲ್ಲಿ ಹೈದರಾಬಾದಿನ ಹಲೀಮ್‌ಗೆ ಭೌಗೋಳಿಕ ಸೂಚಕ ಸಿಕ್ಕಿತು. ಅಡುಗೆಮನೆಗೆ ದೊರೆತ ಕಾವಲು ತೋಟಕ್ಕೆ ದೊರೆಯಲಿಲ್ಲ.

ವಿಜಯಪುರಕ್ಕೆ ಬಂದರೆ ಷಾಂಪೇನಿನದೆಲ್ಲ ತಲೆಕೆಳಗು. ಅಲ್ಲಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ: ಬೇಸಿಗೆಯಲ್ಲಿ ಕಡ್ಡಿ ಬಲಿಯಲು, ಅಕ್ಟೋಬರ್ ಸುಮಾರಿಗೆ ಹಣ್ಣು ಬಿಡಲು. ಅಲ್ಲಿ ಚಳಿ ಗುಳ್ಳೆಯನ್ನು ಕೊಟ್ಟರೆ ಇಲ್ಲಿ ಒಣಗಾಳಿ ಮಣೂಕವನ್ನು ಕೊಡುತ್ತದೆ. ಮಾಗಿದ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಸಿಪ್ಪೆಯ ಮೇಣವನ್ನು ಸಡಿಲಿಸಿ, ನೆರಳಿನ ಶೆಡ್ಡುಗಳ ಜಾಲರಿಯ ಮೇಲೆ ಎರಡು ಮೂರು ವಾರ ಹರಡುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಆ ದಿನಗಳಲ್ಲಿ ಅಕಾಲದ ಮಳೆ ಬಂದರೆ ಬಣ್ಣ ಕಪ್ಪಾಗಿ ದರ ಬೀಳುತ್ತದೆ. ತಿಕೋಟಾ ಕಡೆಯ ರೈತರು ಬರದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ಹಾಕಿ ಉಳಿಸಿಕೊಂಡ ಬಳ್ಳಿಗಳ ಫಲ ಅದು.

ಅದರಲ್ಲಿ ಬಹುಪಾಲು ಗಡಿ ದಾಟಿ ತಾಸಗಾಂವ್, ಸಾಂಗ್ಲಿಯ ಹರಾಜಿಗೆ ಹೋಗುತ್ತ ಬಂದಿದೆ. ಶೀತಲಗೃಹಗಳು, ದಲಾಲರು, ದೇಶದ ಖರೀದಿದಾರರು ಇರುವುದು ಅಲ್ಲಿ. ಸಾಂಗ್ಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಸೂಚಕವೂ ಸಿಕ್ಕಿತು. ಇದರಲ್ಲಿ ಸಾಂಗ್ಲಿಯವರ ತಪ್ಪೇನಿಲ್ಲ; ಪೇಟೆ ಕಟ್ಟಿದವರಿಗೆ ಹೆಸರು ದಕ್ಕುವುದು ಹಳೆಯ ನಿಯಮ. ಆದರೆ ಹರಾಜುಕಟ್ಟೆಯ ಊರೇ ಮಾಲಿನ ಊರಾದಾಗ ಬೆಳೆದ ಹೊಲ ಚೀಲದಿಂದ ಅಳಿಸಿಹೋಗುತ್ತದೆ. ಮಳೆ ಬಿದ್ದ ವರ್ಷದ ನಷ್ಟ ಮಾತ್ರ ಆ ಹೊಲಕ್ಕೇ ಉಳಿಯುತ್ತದೆ.

ವಿಜಯಪುರದ ಹೆಸರು ಬರಬೇಕೆಂದರೆ ಷಾಂಪೇನ್ ಎದುರಿಸಿದ ಪ್ರಶ್ನೆಯನ್ನು ಇಲ್ಲಿಯೂ ಎದುರಿಸಬೇಕು. ಗೆರೆ ಎಲ್ಲಿ ಎಳೆಯುವುದು? ಬಾಗಲಕೋಟೆಯ ಜಮಖಂಡಿ ಒಳಗೋ ಹೊರಗೋ? ಬೆಳಗಾವಿ ಜಿಲ್ಲೆಯ ಅಥಣಿ? ಗಂಧಕದ ಹೊಗೆ ಹಾಕಿ ಹಳದಿ ಮಾಡಿದ್ದಕ್ಕೂ ಹಸಿರಾಗಿ ಒಣಗಿದ್ದಕ್ಕೂ ಒಂದೇ ಹೆಸರೇ? ಗೆರೆ ಎಳೆದ ಕೂಡಲೇ ಅದರಾಚೆ ಒಂದು ಒಬ್ ಜಿಲ್ಲೆ ಹುಟ್ಟುತ್ತದೆ. ಷಾಂಪೇನಿನವರಿಗೆ ಆ ಗೆರೆಯನ್ನು ನ್ಯಾಯವಾಗಿ ಎಳೆಯಲು 19 ವರ್ಷ ಹಿಡಿಯಿತು.

ಮದುವೆ ಸಾಮಾನಿಗೆಂದು ಬೀದರ್, ಕಲಬುರಗಿ ಕಡೆಯಿಂದ ಬೇಗಂ ಬಜಾರಿಗೆ ಬಂದವರು ಪಾಯಸಕ್ಕೆ ಕಿಶ್ಮಿಶ್ ತೂಗಿಸಿಕೊಳ್ಳುವಾಗ ಹಸಿರೋ ಹಳದಿಯೋ ಎಂದು ಕೇಳುತ್ತಾರೆ, ಒಂದೆರಡು ಕಾಳು ಬಾಯಿಗೆ ಹಾಕಿಕೊಂಡು ನೋಡುತ್ತಾರೆ. ಅದು ತಮ್ಮ ಪಕ್ಕದ ಜಿಲ್ಲೆಯ ಹೊಲದಿಂದ ಮೊದಲು ಪಶ್ಚಿಮಕ್ಕೆ ಹೋಗಿ, ಅಲ್ಲಿ ಹೆಸರು ಬದಲಿಸಿ, ಮತ್ತೆ ಪೂರ್ವಕ್ಕೆ ಬಂದದ್ದಿರಬಹುದು. ಚೀಲ ಅದನ್ನು ಹೇಳುವುದಿಲ್ಲ.