ಸಿಹಿ ಮುಟ್ಟದೆ ಕಾದ ಮಗು ಮಾತ್ರ ಜೀವನದಲ್ಲಿ ಗೆಲ್ಲುತ್ತದೆಯೇ? ವೈರಲ್ ವಿಡಿಯೋ ಹೇಳದ ಸಂಗತಿಗಳು

ಟೇಬಲ್ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಒಂದು ಮಿಠಾಯಿ, ಎದುರಿಗೆ ನಾಲ್ಕು ವರ್ಷದ ಮಗು. "ನಾನು ವಾಪಸ್ ಬರುವವರೆಗೆ ತಿನ್ನದೆ ಇದ್ದರೆ ಎರಡು ಕೊಡುತ್ತೇನೆ" ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. ಒಂದು ಮಗು ತಕ್ಷಣ ಬಾಯಿಗೆ ಹಾಕಿಕೊಳ್ಳುತ್ತದೆ. ಇನ್ನೊಂದು ಕಣ್ಣು ಮುಚ್ಚಿಕೊಂಡು ಕಾಯುತ್ತದೆ. ಇಂಥ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಅದರ ಜೊತೆಗಿನ ಸಂದೇಶ ಹೆಚ್ಚುಕಡಿಮೆ ಒಂದೇ: ಕಾದ ಮಕ್ಕಳು ಮುಂದೆ ದೊಡ್ಡವರಾದರು, ಕಾಯದವರು ಹಿಂದೆ ಬಿದ್ದರು, ನಿಮ್ಮ ಮಗುವನ್ನೂ ಪರೀಕ್ಷಿಸಿ ನೋಡಿ.

ನೋಡುವುದಕ್ಕೆ ಇದು ಮುದ್ದಾದ ವಿಡಿಯೋ. ಆದರೆ ಇದನ್ನು ನಂಬಿ ಮನೆಯಲ್ಲಿ ಪರೀಕ್ಷೆ ಮಾಡಿ, "ನಮ್ಮವನಿಗೆ ತಾಳ್ಮೆಯೇ ಇಲ್ಲ, ಇವನು ಉದ್ಧಾರ ಆಗಲ್ಲ" ಎಂದು ಮಗುವಿನ ಮುಂದೆಯೇ ಹೇಳಿಬಿಟ್ಟರೆ ಅದರ ಭಾರ ಹೊರುವುದು ಮಗು. ಹಾಗಾಗಿ ಈ ಪ್ರಯೋಗದ ಹಿಂದೆ ನಿಜವಾಗಿ ಏನಿದೆ, ತಾಳ್ಮೆ ಮತ್ತು ಭಾವನೆಗಳನ್ನು ಸಂಭಾಳಿಸುವುದನ್ನು ಮಕ್ಕಳಿಗೆ ಕಲಿಸಬಹುದೇ ಎಂಬುದನ್ನು ನಾವು ಇಲ್ಲಿ ವಿವರಿಸುತ್ತೇವೆ.

ಒಂದೇ ಮಾತಿನಲ್ಲಿ ಉತ್ತರ: ಪ್ರಯೋಗ ನಡೆದದ್ದು ನಿಜ. ಆದರೆ ಒಂದು ಮಿಠಾಯಿ ಮಗುವಿನ ಭವಿಷ್ಯ ಹೇಳುವುದಿಲ್ಲ. ತಾಳ್ಮೆ ಹುಟ್ಟಿನಿಂದ ಬರುವ ಹಣೆಬರಹವಲ್ಲ, ಅದು ಕಲಿಯಬಹುದಾದ ಕೌಶಲ.

ಆ ಪ್ರಯೋಗ ಯಾವುದು?

ಇದರ ಹೆಸರು ಮಾರ್ಷ್‌ಮ್ಯಾಲೋ ಪರೀಕ್ಷೆ. ಮಾರ್ಷ್‌ಮ್ಯಾಲೋ ಎಂದರೆ ಸಕ್ಕರೆ ಮತ್ತು ಜೆಲಾಟಿನ್‌ನಿಂದ ಮಾಡುವ, ಸ್ಪಂಜಿನಂತೆ ಮೆತ್ತಗಿರುವ ಮಿಠಾಯಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿ ಶಾಲೆಯಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ ಮತ್ತು 1970ರ ದಶಕದ ಆರಂಭದಲ್ಲಿ ಈ ಪ್ರಯೋಗಗಳನ್ನು ಮಾಡಿದರು.

ಫಾರ್ವರ್ಡ್ ಸಂದೇಶಗಳಲ್ಲಿ ಬಿಟ್ಟುಹೋಗುವ ಮುಖ್ಯ ವಿಷಯ ಒಂದಿದೆ. ಯಾವ ಮಗು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಆರಿಸಲು ಮಿಶೆಲ್ ಈ ಪ್ರಯೋಗ ಮಾಡಲಿಲ್ಲ. ಯಾವ ಉಪಾಯ ಮಾಡಿದರೆ ಮಕ್ಕಳಿಗೆ ಕಾಯುವುದು ಸುಲಭವಾಗುತ್ತದೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. 1972ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ಇದು: ತಿಂಡಿ ಕಣ್ಣೆದುರಿಗೆ ಇಲ್ಲದಿದ್ದಾಗ ಮಕ್ಕಳು ಹೆಚ್ಚು ಹೊತ್ತು ಕಾದರು. ತಿಂಡಿ ಬಿಟ್ಟು ಬೇರೆ ಖುಷಿಯ ಸಂಗತಿ ಯೋಚಿಸಲು ಹೇಳಿಕೊಟ್ಟಾಗಲೂ ಹೆಚ್ಚು ಹೊತ್ತು ಕಾದರು. ಅಂದರೆ ಅದೇ ವಯಸ್ಸಿನ ಮಕ್ಕಳು, ಸಣ್ಣದೊಂದು ಉಪಾಯ ಗೊತ್ತಾದೊಡನೆ ಹೆಚ್ಚು "ತಾಳ್ಮೆವಂತ"ರಾದರು.

ಹಾಗಾದರೆ ಭವಿಷ್ಯದ ಮಾತು ಎಲ್ಲಿಂದ ಬಂತು?

ವರ್ಷಗಳ ನಂತರ ಅದೇ ಮಕ್ಕಳ ಬಗ್ಗೆ ಮಾಹಿತಿ ಕಲೆಹಾಕಿ, 1990ರಲ್ಲಿ ಒಂದು ವರದಿ ಪ್ರಕಟಿಸಲಾಯಿತು. ನರ್ಸರಿಯಲ್ಲಿ ಹೆಚ್ಚು ಹೊತ್ತು ಕಾದವರಲ್ಲಿ ಕೆಲವರಿಗೆ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಿತ್ತು. ಈ ಫಲಿತಾಂಶವೇ ಮುಂದೆ "ಕಾದರೆ ಗೆಲುವು" ಎಂಬ ಸಂದೇಶವಾಯಿತು. ಆದರೆ ಅಂಕಗಳ ಮಾಹಿತಿ ಸಿಕ್ಕಿದ್ದು ನೂರಕ್ಕಿಂತ ಕಡಿಮೆ ಮಕ್ಕಳದ್ದು. ಜೊತೆಗೆ ಅದು ವಿಶ್ವವಿದ್ಯಾಲಯದ ಆವರಣದ ಶಾಲೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಓದು ಬರಹದ ವಾತಾವರಣವಿದ್ದ ಮನೆಯ ಮಕ್ಕಳು.

2018ರಲ್ಲಿ ಟೈಲರ್ ವಾಟ್ಸ್, ಗ್ರೆಗ್ ಡಂಕನ್ ಮತ್ತು ಹಾವೊನಾನ್ ಕ್ವಾನ್ ಎಂಬ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಇದನ್ನು ಮತ್ತೆ ಪರಿಶೀಲಿಸಿದರು. ತಾಯಿ ಕಾಲೇಜು ಪದವಿ ಪಡೆಯದ ಮನೆಗಳ ಮಕ್ಕಳು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ನಾಲ್ಕನೇ ವಯಸ್ಸಿನ ಕಾಯುವಿಕೆಗೂ 15ನೇ ವಯಸ್ಸಿನ ಕಲಿಕೆಗೂ ಕಂಡ ನಂಟು ಹಳೆಯ ವರದಿಯ ಅರ್ಧದಷ್ಟು ಮಾತ್ರ ಇತ್ತು. ಮನೆಯ ಸ್ಥಿತಿಗತಿ, ಮಗುವಿನ ಆರಂಭಿಕ ಕಲಿಕೆಯ ಸಾಮರ್ಥ್ಯ, ಮನೆಯ ವಾತಾವರಣ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅರ್ಧದಲ್ಲೂ ಸುಮಾರು ಮೂರನೇ ಎರಡು ಪಾಲು ಕರಗಿಹೋಯಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇಂಥ ಮಕ್ಕಳನ್ನು 26ನೇ ವಯಸ್ಸಿನವರೆಗೆ ಗಮನಿಸಿ, ಈ ಪರೀಕ್ಷೆಯಿಂದ ದೊಡ್ಡವರಾದ ಮೇಲಿನ ಬದುಕನ್ನು ನಂಬಿಕೆಯಿಂದ ಊಹಿಸಲು ಆಗುವುದಿಲ್ಲ ಎಂದು ಹೇಳಿತು.

ಕಾಯದ ಮಗು ದಡ್ಡ ಮಗುವೇ?

ಇದಕ್ಕೆ ಉತ್ತರ ಕೊಡುವ ಚಿಕ್ಕ ಪ್ರಯೋಗವೊಂದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಅದನ್ನು 2013ರಲ್ಲಿ ಪ್ರಕಟಿಸಿದರು. ಮೂರರಿಂದ ಐದು ವರ್ಷದ 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮೊದಲು ಹಳೆಯ ಕ್ರೇಯಾನ್ ಕೊಟ್ಟು, "ಸ್ವಲ್ಪ ಕಾದರೆ ಇದಕ್ಕಿಂತ ಚೆನ್ನಾಗಿರುವುದನ್ನು ತರುತ್ತೇನೆ" ಎಂದರು. ಒಂದು ಗುಂಪಿಗೆ ಹೇಳಿದಂತೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ ಬರಿಗೈಯಲ್ಲಿ ವಾಪಸ್ ಬಂದು, "ಇಲ್ಲ, ಸಿಗಲಿಲ್ಲ" ಎಂದರು. ಸ್ಟಿಕ್ಕರ್ ವಿಷಯದಲ್ಲೂ ಹೀಗೆಯೇ ಮಾಡಿದರು. ಇದಾದ ಮೇಲೆ ಮಾರ್ಷ್‌ಮ್ಯಾಲೋ ಪರೀಕ್ಷೆ.

ಮಾತು ಉಳಿಸಿಕೊಂಡ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಗುಂಪಿನ ಮಕ್ಕಳು ಕಾದದ್ದು ಸುಮಾರು 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನ 14 ಮಕ್ಕಳಲ್ಲಿ 9, ಎರಡನೇ ಗುಂಪಿನ 14ರಲ್ಲಿ ಒಂದೇ ಒಂದು.

ಇದು ಚಿಕ್ಕ ಅಧ್ಯಯನ ನಿಜ. ಆದರೂ ಅದು ಹೇಳುವ ವಿಷಯ ನಮ್ಮ ಮನೆಗಳಿಗೆ ಹತ್ತಿರದ್ದು. "ಸಂಜೆ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ", "ಮಾರ್ಕ್ಸ್ ಬಂದರೆ ಸೈಕಲ್ ಕೊಡಿಸ್ತೀನಿ" ಎಂದು ಹೇಳಿ ಮರೆಯುವ ಮನೆಯಲ್ಲಿ, ಕೈಗೆ ಸಿಕ್ಕಿದ್ದನ್ನು ಈಗಲೇ ತಿನ್ನುವುದೇ ಮಗುವಿನ ಮಟ್ಟಿಗೆ ಜಾಣತನ. ಅದು ದೊಡ್ಡವರಿಂದ ಕಲಿತ ಪಾಠ.

"ಯಶಸ್ಸಿಗೆ ಶೇ. 80 ಇಕ್ಯೂ ಕಾರಣ" ಎಂಬುದು ನಿಜವೇ?

ಇದೂ ಆಗಾಗ ಓಡಾಡುವ ಮಾತು. ಇಕ್ಯೂ ಎಂದರೆ ಭಾವನಾತ್ಮಕ ಬುದ್ಧಿವಂತಿಕೆ. ಇದನ್ನು ಜನಪ್ರಿಯಗೊಳಿಸಿದ್ದು ಡೇನಿಯಲ್ ಗೋಲ್‌ಮನ್ ಅವರ 1995ರ ಪುಸ್ತಕ. ಜೀವನದ ಯಶಸ್ಸಿನಲ್ಲಿ ಐಕ್ಯೂ ಪಾಲು ಹೆಚ್ಚೆಂದರೆ ಶೇ. 20, ಉಳಿದ ಶೇ. 80 ಬೇರೆ ಅಂಶಗಳದ್ದು ಎಂಬ ಮಾತು ಅದರಲ್ಲಿದೆ. ಆ "ಬೇರೆ ಅಂಶ"ಗಳಲ್ಲಿ ಹುಟ್ಟಿದ ಮನೆಯ ಸ್ಥಿತಿಯಿಂದ ಹಿಡಿದು ಅದೃಷ್ಟದವರೆಗೆ ಎಲ್ಲವೂ ಸೇರಿವೆ. ಓದಿದವರು ಅದನ್ನೆಲ್ಲ ಕೈಬಿಟ್ಟು ಉಳಿದ ಶೇ. 80 ಪೂರ್ತಿ ಇಕ್ಯೂ ಎಂದು ಅರ್ಥ ಮಾಡಿಕೊಂಡರು. ಆದ್ದರಿಂದ ಈ ಸಂದೇಶ ತಪ್ಪು. ಭಾವನೆಗಳನ್ನು ಅರಿಯುವುದು ಮುಖ್ಯ ಎನ್ನಲು ಉಬ್ಬಿಸಿದ ಅಂಕಿಯ ಅಗತ್ಯವಿಲ್ಲ.

ಇದನ್ನೆಲ್ಲ ಕಲಿಸಲು ಸಾಧ್ಯವೇ?

ಸಾಧ್ಯ. ಇದಕ್ಕೆ ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ ಎಂದು ಹೆಸರು. ಇದರಲ್ಲಿ ಸಾಮಾನ್ಯವಾಗಿ ಐದು ಕೌಶಲಗಳನ್ನು ಹೇಳುತ್ತಾರೆ:

• ನನಗೆ ಈಗ ಏನನ್ನಿಸುತ್ತಿದೆ ಎಂದು ಗುರುತಿಸುವುದು
• ಕೋಪ, ಭಯ, ಆತುರವನ್ನು ಹದ್ದುಬಸ್ತಿನಲ್ಲಿಡುವುದು
• ಎದುರಿನವರಿಗೆ ಏನನ್ನಿಸುತ್ತಿರಬಹುದು ಎಂದು ಊಹಿಸುವುದು
• ಜಗಳವಾದರೂ ಸಂಬಂಧ ಸರಿಮಾಡಿಕೊಳ್ಳುವುದು
• ಪರಿಣಾಮ ಯೋಚಿಸಿ ನಿರ್ಧಾರ ತೆಗೆದುಕೊಳ್ಳುವುದು

2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು ಇಂಥ 213 ಶಾಲಾ ಕಾರ್ಯಕ್ರಮಗಳ ಫಲಿತಾಂಶವನ್ನು ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿ 2 ಲಕ್ಷದ 70 ಸಾವಿರ ಮಕ್ಕಳಿದ್ದರು. ಮಕ್ಕಳ ನಡವಳಿಕೆ ಸುಧಾರಿಸಿತ್ತು, ಮಾನಸಿಕ ಒತ್ತಡ ತಗ್ಗಿತ್ತು. ಓದಿನಲ್ಲೂ ಲಾಭ ಕಂಡಿತು: ನೂರು ಮಕ್ಕಳ ಸಾಲಿನಲ್ಲಿ ನಡುವೆ ಇರುವ ಮಗು ಸುಮಾರು 11 ಸ್ಥಾನ ಮೇಲೆ ಹೋದಷ್ಟು. 2023ರಲ್ಲಿ 53 ದೇಶಗಳ 424 ಅಧ್ಯಯನಗಳ ಪರಿಶೀಲನೆಯೂ ಒಟ್ಟಾರೆ ಇದೇ ದಿಕ್ಕಿನ ಫಲಿತಾಂಶ ಕೊಟ್ಟಿತು. ಹಾಗಾಗಿ "ಇದನ್ನೆಲ್ಲ ಹೇಳಿಕೊಡುತ್ತಾ ಕೂತರೆ ಪಾಠ ಹಿಂದೆ ಬೀಳುತ್ತದೆ" ಎಂಬ ಆತಂಕಕ್ಕೆ ಆಧಾರ ಕಡಿಮೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಹದಿಹರೆಯದವರಿಗಾಗಿ ಜೀವನ ಕೌಶಲ ಪಾಠಗಳನ್ನು ರೂಪಿಸಿದೆ. ಇವನ್ನು ಶಾಲೆಯ ಶಿಕ್ಷಕರೇ ನಡೆಸುತ್ತಾರೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳ ಜೊತೆ ಹೋಲಿಸಲಾಯಿತು. ಪಾಠ ಪಡೆದವರಲ್ಲಿ ಆತ್ಮಗೌರವ, ಕಷ್ಟ ಎದುರಿಸುವ ಶಕ್ತಿ, ಶಿಕ್ಷಕರ ಜೊತೆಗಿನ ಹೊಂದಾಣಿಕೆ ಉತ್ತಮವಾಗಿತ್ತು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆ ಒಂದೇ ಎಲ್ಲವನ್ನೂ ಮಾಡಲಾರದು ಎಂಬುದಕ್ಕೆ ಇದೊಂದು ಸುಳಿವು.

ಹೆಸರಿದ್ದ ಮಾತ್ರಕ್ಕೆ ಎಲ್ಲ ಕಾರ್ಯಕ್ರಮಗಳೂ ಫಲ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯಲ್ಲಿ ಮೈಂಡ್‌ಫುಲ್‌ನೆಸ್ ಧ್ಯಾನದ ಪಾಠ ಹೇಳಿಕೊಟ್ಟು ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಮಾಮೂಲಿ ಪಾಠಕ್ಕಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಾಸ ಮಾಡಿಯೂ ಇರಲಿಲ್ಲ. ಡರ್ಲಾಕ್ ಅವರ ಪರಿಶೀಲನೆಯ ಪ್ರಕಾರ ಹೆಚ್ಚು ಫಲ ಕೊಟ್ಟವು ಹಂತ ಹಂತವಾಗಿ, ಮಕ್ಕಳ ಕೈಯಲ್ಲಿ ಮಾಡಿಸಿ, ಯಾವ ಕೌಶಲ ಎಂದು ಸ್ಪಷ್ಟವಾಗಿ ಹೇಳಿ ಕಲಿಸಿದ ಕಾರ್ಯಕ್ರಮಗಳು. "ಒಳ್ಳೆಯವರಾಗಿರಿ" ಎಂಬ ಭಾಷಣದಿಂದ ಈ ಕೆಲಸ ಆಗುವುದಿಲ್ಲ. ದುಬಾರಿ ಫೀಸಿನ "ಇಕ್ಯೂ ಕೋರ್ಸ್" ಜಾಹೀರಾತು ಕಂಡಾಗ ಈ ಮಾನದಂಡ ಇಟ್ಟು ನೋಡಿ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?"

ಚಿಕ್ಕಂದಿನಲ್ಲೇ ಕಲಿಸಬೇಕು ಎನ್ನುವಷ್ಟರ ಮಟ್ಟಿಗೆ ಈ ಗಾದೆ ಸರಿ. ಆದರೆ "ವಯಸ್ಸು ಮೀರಿತು, ಇನ್ನು ಕಲಿಯಲ್ಲ" ಎನ್ನಲು ಇದನ್ನು ಬಳಸುವುದು ಸರಿಯಲ್ಲ. ಆತುರವನ್ನು ತಡೆಯುವ, ಯೋಚಿಸಿ ನಿರ್ಧರಿಸುವ ಕೆಲಸದಲ್ಲಿ ಮೆದುಳಿನ ಮುಂಭಾಗದ ಪಾತ್ರ ದೊಡ್ಡದು. ಆ ಭಾಗ ಇಪ್ಪತ್ತರ ನಡುಗಾಲದವರೆಗೂ ಬೆಳೆಯುತ್ತಲೇ ಇರುತ್ತದೆ. ಎಂಟನೇ ಕ್ಲಾಸಿನ ಮಗ, ಪಿಯುಸಿ ಓದುವ ಮಗಳು ಕೂಡ ಇದನ್ನು ಕಲಿಯಬಲ್ಲರು. ನಾಲ್ಕು ವರ್ಷದ ಮಗುವಿನಿಂದ ದೊಡ್ಡವರ ತಾಳ್ಮೆ ನಿರೀಕ್ಷಿಸುವುದೂ ನ್ಯಾಯವಲ್ಲ.

ಮನೆಯಲ್ಲಿ ಏನು ಮಾಡಬಹುದು?

1. ಭಾವನೆಗೆ ಹೆಸರು ಕೊಡಿ. ನಮ್ಮ ಭಾಷೆಯಲ್ಲಿ ಕೋಪ, ಬೇಜಾರು, ಮುನಿಸು, ನಾಚಿಕೆ, ಹೊಟ್ಟೆಕಿಚ್ಚು, ಅವಮಾನ ಎಂದು ಬೇರೆ ಬೇರೆ ಪದಗಳಿವೆ. "ತಮ್ಮನಿಗೆ ಮೊದಲು ಕೊಟ್ಟೆ ಅಂತ ಬೇಜಾರಾಯ್ತಾ ಪುಟ್ಟಾ?" ಎಂದು ಕೇಳಿ. ಹೆಸರು ಗೊತ್ತಿದ್ದರೆ ಮಗು ಕೈ ಎತ್ತುವ ಬದಲು ಬಾಯಿಬಿಟ್ಟು ಹೇಳಲು ಕಲಿಯುತ್ತದೆ.

2. ಭಾವನೆಯನ್ನು ಒಪ್ಪಿ, ನಡವಳಿಕೆಗೆ ಮಿತಿ ಹಾಕಿ. "ಕೋಪ ಬರಬಹುದು, ಆದರೆ ಹೊಡೆಯೋ ಹಾಗಿಲ್ಲ." ಇದು ಮುದ್ದು ಮಾಡಿ ಕೆಡಿಸುವುದಲ್ಲ. "ಗಂಡು ಹುಡುಗ ಅಳ್ತಾರಾ?", "ಸುಮ್ನಿರು, ಗುಮ್ಮ ಬರ್ತಾನೆ" ಎನ್ನುವುದರಿಂದ ಅಳು ನಿಲ್ಲಬಹುದು, ಆದರೆ ಸಂಭಾಳಿಸುವ ದಾರಿ ಗೊತ್ತಾಗುವುದಿಲ್ಲ.

3. ಹೇಳಿದ್ದನ್ನು ಮಾಡಿ, ಆಗದ್ದನ್ನು ಹೇಳಬೇಡಿ. ಮಾತು ತಪ್ಪಿದರೆ ಕಾರಣ ತಿಳಿಸಿ, ಯಾವಾಗ ಮಾಡುತ್ತೀರಿ ಎಂದು ಹೇಳಿ, ಅದನ್ನು ಖಂಡಿತ ಮಾಡಿ.

4. ಕಾಯುವ ಉಪಾಯ ಹೇಳಿಕೊಡಿ. ಲಡ್ಡು ಡಬ್ಬಿಯನ್ನು ಕಣ್ಣೆದುರು ಇಟ್ಟು "ಮುಟ್ಟಬೇಡ" ಎನ್ನುವುದಕ್ಕಿಂತ ಮೇಲಿನ ಶೆಲ್ಫಿಗೆ ಇಡಿ. ಕಾಯುವಾಗ ಹಾಡು, ಎಣಿಕೆ, ಚಿತ್ರ ಬಿಡಿಸುವುದು ಇರಲಿ. ಚೌಕಾಬಾರ, ಅಳಿಗುಳಿಮಣೆಯಂಥ ಆಟದಲ್ಲಿ ಸರದಿ ಕಾಯುವುದು, ಸೋಲನ್ನು ಸಹಿಸುವುದು ಎರಡಕ್ಕೂ ಅವಕಾಶವಿದೆ.

5. ನೀವೇ ಮಾಡಿ ತೋರಿಸಿ. "ಅಪ್ಪನಿಗೂ ಈಗ ಕೋಪ ಬಂದಿದೆ, ಐದು ನಿಮಿಷ ಬಿಟ್ಟು ಮಾತಾಡ್ತೀನಿ" ಎಂದು ಹೇಳಿ ಹಾಗೆಯೇ ನಡೆದುಕೊಂಡರೆ ಮಗು ನೋಡಿ ಕಲಿಯುತ್ತದೆ. ಕೂಗಾಡಿದ ಮೇಲೆ ಮಗುವಿಗೆ ಸಾರಿ ಕೇಳಿದರೆ ದೊಡ್ಡವರ ಮರ್ಯಾದೆ ಕಡಿಮೆಯಾಗುವುದಿಲ್ಲ.

ಯಾವಾಗ ಸಹಾಯ ಕೇಳಬೇಕು?

ಮಕ್ಕಳ ಹಟ, ಅಳು, ಜಗಳ ಎಲ್ಲವೂ ಕಾಯಿಲೆಯಲ್ಲ. ಆದರೆ ವಾರಗಟ್ಟಲೆ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಶಾಲೆಗೆ ಹೋಗಲು ಸತತವಾಗಿ ಹೆದರಿದರೆ, ತನಗೆ ಅಥವಾ ಬೇರೆಯವರಿಗೆ ನೋವು ಮಾಡುತ್ತಿದ್ದರೆ ಮನೆಯ ಉಪಾಯಗಳಿಗೆ ಕಾಯಬೇಡಿ. ಮಕ್ಕಳ ವೈದ್ಯರನ್ನು ಅಥವಾ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ನಮ್ಮ ತೀರ್ಮಾನ

"ಸಿಹಿ ಮುಟ್ಟದೆ ಕಾದ ಮಗು ಗೆಲ್ಲುತ್ತದೆ" ಎಂಬ ಸಂದೇಶ ಅರ್ಧಸತ್ಯ. ಪ್ರಯೋಗ ನಿಜ, ಭವಿಷ್ಯವಾಣಿ ನಿಜವಲ್ಲ. ಮಿಶೆಲ್ ಅವರೇ 2014ರ ತಮ್ಮ ಪುಸ್ತಕದಲ್ಲಿ ಸ್ವನಿಯಂತ್ರಣ ಕಲಿಯಬಹುದಾದ ಸಾಮರ್ಥ್ಯ ಎಂದು ವಾದಿಸಿದ್ದಾರೆ. ಆ ವಿಡಿಯೋ ಮತ್ತೆ ಬಂದರೆ ಮಕ್ಕಳ ಮುಖ ನೋಡಿ ನಗಬಹುದು, ತೊಂದರೆಯಿಲ್ಲ. ಫಾರ್ವರ್ಡ್ ಮಾಡುವುದಾದರೆ ಅದರ ಕೆಳಗೆ ಇಷ್ಟು ಸೇರಿಸಿ: "ಇದರಿಂದ ಮಗುವಿನ ಭವಿಷ್ಯ ಗೊತ್ತಾಗುವುದಿಲ್ಲ. ಮನೆಯಲ್ಲಿ ಪರೀಕ್ಷೆ ಮಾಡಬೇಡಿ, ಕಾಯುವುದು ಹೇಗೆ ಎಂದು ಹೇಳಿಕೊಡಿ."