ದಫ್ತರದಿಂದ ಡಿಸ್ಕಿನವರೆಗೆ

ನಮ್ಮ ಅಕ್ಕಲಕೋಟ ತಾಲೂಕಿನಲ್ಲಿ ತುಂಡು ಹೊಲ ಇದ್ದವರಿಗೂ ಸಾತಬಾರಾ ಉತಾರಾ ಅಂದರೆ ಏನಂತ ಬಿಡಿಸಿ ಹೇಳಬೇಕಾಗಿಲ್ಲ. ನಮುನೆ 7ರಲ್ಲಿ ಹೊಲ ಯಾರ ಹೆಸರಿಗಿದೆ ಎಂಬುದು, ನಮುನೆ 12ರಲ್ಲಿ ಅದರಲ್ಲಿ ಏನು ಬೆಳೆದಿದೆ ಎಂಬುದು. ನಾನು ಸಣ್ಣವನಿದ್ದಾಗ ಅಪ್ಪನ ಜೊತೆ ತಲಾಠಿಯ ಹತ್ತಿರ ಹೋಗುತ್ತಿದ್ದೆ. ತಲಾಠಿ ಬಟ್ಟೆಯ ಗಂಟು ಬಿಚ್ಚಿ, ಧೂಳು ಝಾಡಿಸಿ, ವಹಿ ತೆಗೆಯುತ್ತಿದ್ದರು. ತಿರುಗಿ ಬರುವಾಗ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಆ ಗಂಟಿಗೆ ಗೆದ್ದಲ ಹತ್ತಿದ್ರ ನಮ್ಮ ಹೊಲ ಯಾರದೋ ತಮ್ಮಾ?"

ಮುಂದೆ ನಾನು ಸೊಲ್ಲಾಪುರದಲ್ಲಿ ಕಂಪ್ಯೂಟರ್ ರಿಪೇರಿಯ ಕೆಲಸಕ್ಕೆ ಸೇರಿದೆ. ಪತಸಂಸ್ಥೆ, ಆಸ್ಪತ್ರೆ, ಗಿರಣಿ ಅಂತ ಎಲ್ಲೆಡೆ ಹೋಗಿ ಸರ್ವರ್ ಕೂಡಿಸುವುದೇ ನನ್ನ ಹೊಟ್ಟೆಪಾಡಾಯಿತು. ಸರ್ವರ್ ಅಂದರೆ ಒಂದು ಕಚೇರಿಯ ಎಲ್ಲ ಕಂಪ್ಯೂಟರುಗಳಿಗೂ ಲೆಕ್ಕ ಒದಗಿಸುವ ದೊಡ್ಡ ಕಂಪ್ಯೂಟರ್, ಈ ಕಾಲದ ದಫ್ತರ. ಅಪ್ಪನ ಪ್ರಶ್ನೆಗೆ ಉತ್ತರ ಹುಡುಕುವುದೇ ನನ್ನ ನೌಕರಿ ಆಯಿತು ಅಂತ ಈಗ ಅನ್ನಿಸುತ್ತದೆ.

ಈ ಪ್ರಶ್ನೆ ಹೊಸದಲ್ಲ. ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಭೀಮಾ, ಸೀನಾ ನದಿಗಳು ಕೂಡುವಲ್ಲಿ ಹತ್ತರಸಂಗ ಕೂಡಲ ಇದೆ. ಅಲ್ಲಿಯ ಗುಡಿಯ ಕಲ್ಲಿನ ಮೇಲೆ 1018ರ ಮರಾಠಿ ಶಾಸನವಿದೆ, ಆ ಭಾಷೆಯ ಅತಿ ಹಳೆಯ ಶಾಸನಗಳಲ್ಲಿ ಅದೂ ಒಂದು. ಕಲ್ಲಿಗೆ ಗೆದ್ದಲು ಹತ್ತುವುದಿಲ್ಲ. ಆದರೆ ಕಲ್ಲು ಒಂದೇ, ಒಡೆದರೆ ಮುಗಿಯಿತು. ತಾಮ್ರಪಟ ಬರೆದವರು ಇನ್ನೊಂದು ಉಪಾಯ ಮಾಡಿದ್ದರು. ಮೂರು ಹಲಗೆಗಳನ್ನು ಒಂದು ಬಳೆಗೆ ಪೋಣಿಸಿ, ಹೊರಮೈ ಸವೆದರೂ ಅಕ್ಷರ ಉಳಿಯಲೆಂದು ಸಾಮಾನ್ಯವಾಗಿ ಒಳಮೈಗಳ ಮೇಲೇ ಕೊರೆಯುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಪಾಠ ವಚನಗಳದು. ನಮ್ಮ ಸೊನ್ನಲಿಗೆಯ ಸಿದ್ಧರಾಮೇಶ್ವರರು 12ನೆಯ ಶತಮಾನದವರು. ಅವರ ವಚನಗಳು ಉಳಿದದ್ದು ತಾಡೋಲೆಯ ಮೇಲೆ, ಅಂದರೆ ಹುಳ ತಿನ್ನುವ ಗರಿಯ ಮೇಲೆ. ಹಂಗಾದ್ರ ಉಳಿದಾವಾದರೂ ಹೆಂಗ? ಊರೂರಿನ ಮಠ, ಮನೆಗಳಲ್ಲಿ ಜನ ನಕಲು ಮಾಡಿ ಇಟ್ಟುಕೊಂಡದ್ದರಿಂದ. ಒಂದು ಮನೆಯ ಕಟ್ಟು ಹುಳಕ್ಕೆ ಹೋದರೆ ಇನ್ನೊಂದು ಊರಿನ ಕಟ್ಟು ಇತ್ತು. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಹುಡುಕಿ, ಹೋಲಿಸಿ ನೋಡಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. ಎಲ್ಲ ಕಟ್ಟುಗಳೂ ಒಂದೇ ಅಟ್ಟದ ಮೇಲಿದ್ದಿದ್ದರೆ ಹಳಕಟ್ಟಿಯವರಿಗೂ ಏನೂ ಸಿಗುತ್ತಿರಲಿಲ್ಲ.

ಇನ್ನು ಯಂತ್ರದ ಕಥೆ. ಸೊಲ್ಲಾಪುರದ ಚಾದರ ನೇಯುವ ಜಕಾರ್ಡ್ ಮಗ್ಗ ನೋಡಿದವರಿಗೆ ರಟ್ಟಿನ ಕಾರ್ಡಿನ ಮಾಲೆ ನೆನಪಿರಬೇಕು. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಕಂಪ್ಯೂಟರ್ ಲೆಕ್ಕ ಇಡುವುದೂ ಹಂಗ: ಇದೆ ಅಥವಾ ಇಲ್ಲ, 1 ಅಥವಾ 0. ಮೊದಮೊದಲು ಕಂಪ್ಯೂಟರುಗಳೂ ತೂತಿನ ಕಾರ್ಡನ್ನೇ ಓದುತ್ತಿದ್ದವು. 1956 ನಮ್ಮ ಗಡಿಭಾಗದವರು ಮರೆಯದ ವರ್ಷ. ರಾಜ್ಯಗಳ ಗೆರೆ ಹೊಸದಾಗಿ ಎಳೆದದ್ದು ಆಗಲೇ. ಅದೇ ವರ್ಷ ಅಮೆರಿಕದ ಐಬಿಎಂ ಕಂಪನಿ ತಿರುಗುವ ಡಿಸ್ಕಿನ ಮೇಲೆ ಲೆಕ್ಕ ಬರೆಯುವ ಮೊದಲ ಯಂತ್ರ ತಂದಿತು. 24 ಇಂಚು ಅಗಲದ 50 ತಟ್ಟೆಗಳು. ಇಷ್ಟೂ ಕೂಡಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋಕ್ಕೆ ಅಷ್ಟು ಜಾಗ ಬೇಕು.

ಡಿಸ್ಕು ತಿರುಗುವ ಸಾಮಾನು. ತಿರುಗುವುದು ಒಂದಿಲ್ಲೊಂದು ದಿನ ಕೆಡುತ್ತದೆ. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಲೇಖನ ಬರೆದರು. ದೊಡ್ಡದೂ ದುಬಾರಿಯೂ ಆದ ಒಂದು ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಸಾಲು ಕಟ್ಟಿರಿ, ಒಂದು ಸತ್ತರೂ ಉಳಿದವು ಲೆಕ್ಕ ಒಪ್ಪಿಸುವಂತೆ ಬರೆಯಿರಿ ಎಂಬುದು ಅದರ ಸಾರ. ಅದಕ್ಕೆ ಅವರಿಟ್ಟ ಹೆಸರು ರೇಡ್. ಅಂಥ ಉಪಾಯಗಳು ಬಿಡಿಬಿಡಿಯಾಗಿ ಮೊದಲೂ ಇದ್ದವು. ಅವಕ್ಕೆ ಹೆಸರು, ಕ್ರಮ ಕೊಟ್ಟವರು ಇವರು.

ಇದು ಹೇಗೆ ಸಾಧ್ಯ ಅಂತ ಶಾಲೆಯ ಮಕ್ಕಳಿಗೂ ತಿಳಿಯುವಂತೆ ಹೇಳುತ್ತೇನೆ. ಮೂರು ವಹಿ ತೆಗೆದುಕೊಳ್ಳಿ. ಮೊದಲನೆಯದರಲ್ಲಿ 7, ಎರಡನೆಯದರಲ್ಲಿ 12, ಮೂರನೆಯದರಲ್ಲಿ ಎರಡರ ಮೊತ್ತ 19 ಬರೆಯಿರಿ. ಈಗ ಎರಡನೆಯ ವಹಿ ಕಳೆಯಿತು ಅನ್ನಿ. 19ರಲ್ಲಿ 7 ಕಳೆದರೆ 12 ತಿರುಗಿ ಬಂತು. ಯಾವ ಒಂದು ವಹಿ ಹೋದರೂ ಉಳಿದ ಎರಡರಿಂದ ಅದನ್ನು ತಯಾರಿಸಬಹುದು. ಎರಡು ಹೋದರೆ ಮಾತ್ರ ಏನೂ ಮಾಡಲಿಕ್ಕಾಗದು. ಯಂತ್ರ ಮೊತ್ತದ ಬದಲು ಸರಿ-ಬೆಸದ ಲೆಕ್ಕ ಇಡುತ್ತದೆ. ಆ ಲೆಕ್ಕ ಬರೆಯುವ ಪಾಳಿಯನ್ನು ಎಲ್ಲ ಡಿಸ್ಕುಗಳಿಗೂ ಹಂಚುತ್ತದೆ. ಇದು ರೇಡ್ 5. ಒಂದು ಡಿಸ್ಕಿನ ನಕಲನ್ನು ಇನ್ನೊಂದರಲ್ಲಿ ಹಾಗೇ ಇಟ್ಟರೆ ಅದು ರೇಡ್ 1. ರೇಡ್ 0 ಅಂತಲೂ ಒಂದಿದೆ. ಅದರಲ್ಲಿ ವೇಗ ಇದೆ, ರಕ್ಷಣೆ ಇಲ್ಲ. ಒಂದು ಡಿಸ್ಕು ಹೋದರೆ ಎಲ್ಲ ಹೋದಂತೆ.

ಈ ಲೆಕ್ಕವನ್ನೆಲ್ಲ ಮಾಡುವುದು ಅಂಗೈಯಷ್ಟು ದೊಡ್ಡ ಒಂದು ಕಾರ್ಡು, ರೇಡ್ ಕಂಟ್ರೋಲರ್. ಅದಕ್ಕೆ ತನ್ನದೇ ಬುದ್ಧಿ, ತನ್ನದೇ ನೆನಪು, ಅನೇಕ ಸಲ ತನ್ನದೇ ಬ್ಯಾಟರಿ. ಬರೆಯಬೇಕಾದ್ದನ್ನು ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು "ಆತು" ಅಂದುಬಿಡುತ್ತದೆ, ಆಮೇಲೆ ಸಾವಕಾಶ ಡಿಸ್ಕಿಗೆ ಇಳಿಸುತ್ತದೆ. ನಡುವೆ ಕರೆಂಟ್ ಹೋದರೆ? ಅದಕ್ಕೇ ಬ್ಯಾಟರಿ. ಲೋಡ್‌ಶೆಡ್ಡಿಂಗಿನ ವರ್ಷಗಳನ್ನು ಕಂಡ ನಮಗೆ ಅದರ ಬೆಲೆ ಗೊತ್ತು. ಬ್ಯಾಟರಿ ಸತ್ತಿದ್ದರೆ "ಡಿಸ್ಕಿಗೆ ಬರೆದ ಮೇಲೆಯೇ ಆತು ಅನ್ನು" ಅಂತ ಕಾರ್ಡಿಗೆ ಕಟ್ಟಪ್ಪಣೆ ಮಾಡಬೇಕು. ಕೆಲಸ ನಿಧಾನವಾದರೂ ಲೆಕ್ಕ ಕೆಡುವುದಿಲ್ಲ.

ಕೂಡಿಸುವ ಕೆಲಸ ಹೀಗೆ. ಕರೆಂಟ್ ಪೂರ್ತಿ ತೆಗೆಯಬೇಕು. ಮೈಯಲ್ಲಿಯ ವಿದ್ಯುತ್ತು ಕಾರ್ಡಿಗೆ ತಾಗದಂತೆ ಮಣಿಕಟ್ಟಿಗೆ ಅರ್ಥಿಂಗಿನ ಪಟ್ಟಿ ಕಟ್ಟಿಕೊಂಡು ಕಾರ್ಡು ಕೂಡಿಸಬೇಕು, ವಾಯರು ಜೋಡಿಸಬೇಕು. ಸರ್ವರ್ ಚಾಲೂ ಆಗುವಾಗ ಕಾರ್ಡಿನ ಪರದೆಗೆ ಹೋಗಿ ಯಾವ ಡಿಸ್ಕುಗಳು, ಯಾವ ರೇಡ್ ಅಂತ ಹೇಳಬೇಕು. ಒಂದು ಡಿಸ್ಕನ್ನು ಗಾಡಿಯ ಸ್ಟೆಪ್ನಿಯಂತೆ ಖಾಲಿ ಇಟ್ಟರೆ ಬಹಳ ಚಲೋ. ಒಂದು ಕೆಟ್ಟ ಕೂಡಲೇ ಅದು ತಾನೇ ಆ ಜಾಗಕ್ಕೆ ಬರುತ್ತದೆ. ಕಡೆಗೆ 'ಇನಿಷಿಯಲೈಜ್' ಮಾಡಬೇಕು, ಅಂದರೆ ಪಾಟಿ ಒರೆಸಿದ ಹಾಗೆ. ಹೊಸ ಡಿಸ್ಕಿಗೆ ಅದು ಬೇಕು. ಲೆಕ್ಕ ತುಂಬಿದ ಡಿಸ್ಕಿಗೆ ಅದೇ ಮೃತ್ಯು. ಇಷ್ಟಾದ ಮೇಲೆ ಪ್ರತಿ ಡಿಸ್ಕಿನ ಮೇಲೆ ನಂಬರಿನ ಚೀಟಿ ಅಂಟಿಸಬೇಕು.

ಆ ಚೀಟಿಯ ಮಹತ್ವ ನಾನು ಕಲಿತದ್ದು ಒಂದು ರಾತ್ರಿ. ಸೊಲ್ಲಾಪುರದ ಒಂದು ಪತಸಂಸ್ಥೆ, ಹೆಸರು ಬೇಡ. ಸರ್ವರಿನಲ್ಲಿ ಮೂರು ಡಿಸ್ಕು, ರೇಡ್ 5, ಸ್ಟೆಪ್ನಿ ಇಲ್ಲ. ಒಂದು ಡಿಸ್ಕಿನ ಕಿತ್ತಳೆ ದೀಪ ಎಷ್ಟೋ ದಿನದಿಂದ ಮಿಣುಕುತ್ತಿತ್ತು. ಕೆಲಸ ನಡೆದೇ ಇದ್ದುದರಿಂದ ಯಾರೂ ನೋಡಿರಲಿಲ್ಲ. ನಾನು ಹೊಸ ಡಿಸ್ಕು ತೆಗೆದುಕೊಂಡು ಹೋದೆ. ಪರದೆಯ ಮೇಲೆ "ಡಿಸ್ಕ್ 1 ಕೆಟ್ಟಿದೆ" ಅಂತ ಇತ್ತು. ದೀಪವನ್ನೂ ಸರಿಯಾಗಿ ನೋಡದೆ ಮೊದಲನೆಯದನ್ನು ಎಳೆದೆ. ಆದರೆ ಯಂತ್ರದ ಎಣಿಕೆ 0ದಿಂದ. ಡಿಸ್ಕ್ 1 ಅಂದರೆ ಎರಡನೆಯದು. ನಾನು ಎಳೆದದ್ದು ಚಲೋ ಇದ್ದ ಡಿಸ್ಕು. ಮೂರು ವಹಿಗಳಲ್ಲಿ ಎರಡು ಇಲ್ಲದಂತಾಯಿತು. ಸರ್ವರ್ ಕೂಗಿಕೊಂಡು ನಿಂತಿತು.

ಕೈಕಾಲು ತಣ್ಣಗಾದವು. ಡಿಸ್ಕು ತಿರುಗಿ ಹಾಕಿ ಚಾಲೂ ಮಾಡಿದರೆ, "ಪರಕೀಯ ರಚನೆ ಕಂಡಿದೆ, ಒಳಗೆ ತೆಗೆದುಕೊಳ್ಳಲೋ, ಅಳಿಸಲೋ" ಎಂಬ ಅರ್ಥದ ಇಂಗ್ಲಿಷ್ ಸಾಲು ಬಂತು. ಅವಸರದಲ್ಲಿ ಅಳಿಸುವ ಕಡೆಗೇ ಕೈ ಹೋಗುತ್ತಿತ್ತು. ನಮ್ಮ ಹಿರಿಯ ಮೆಕ್ಯಾನಿಕರಿಗೆ ಫೋನ್ ಹಚ್ಚಿದೆ. "ಮೊದಲ ಕೀಬೋರ್ಡ್ ಬಿಟ್ಟು ಕೈ ಹಿಂದ ತಗಿ. ಅಳಿಸಬ್ಯಾಡ. ಒಳಗ ತಗೊ. ಲೆಕ್ಕ ಕಾಣಿಸಿದ ಕೂಡಲೇ ಬ್ಯಾರೆ ಡಿಸ್ಕಿಗೆ ನಕಲ ಮಾಡು, ಆಮ್ಯಾಲ ಹೊಸಾದು ಹಾಕು" ಅಂದರು. ಹಾಗೇ ಮಾಡಿದೆ. ಲೆಕ್ಕ ಬಂತು. ನಕಲು ಮುಗಿಸಿ ಹೊಸ ಡಿಸ್ಕು ಹಾಕಿದೆ. ಅದು ತುಂಬುವಷ್ಟರಲ್ಲಿ ಬೆಳಕು ಹರಿಯಿತು.

ಮುಂಜಾನೆ ಬಾಗಿಲು ತೆರೆದಾಗ ಮೊದಲು ಬಂದವರು ಬೀಡಿ ಕಟ್ಟುವ ಒಬ್ಬ ಅವ್ವ. ಕೈಯಲ್ಲಿ ಮಾಸಿದ ಪಾಸ್‌ಬುಕ್ಕು. ಒಳಗೆ ಯಂತ್ರ ಬಿಚ್ಚಿದ್ದು ನೋಡಿ ಕೇಳಿದರು: "ತಮ್ಮಾ, ನನ್ನ ರೊಕ್ಕ ಅದಾವಲ್ಲೋ?" ನನಗೆ ಅಪ್ಪನ ಗೆದ್ದಲಿನ ಮಾತು ನೆನಪಾಯಿತು. "ಅದಾವಬೇ" ಅಂದೆ. ಆದರೆ ಆ ರಾತ್ರಿ ಲೆಕ್ಕ ಹೋಗಿಬಿಟ್ಟಿದ್ದರೆ ಆ ಪೆಟ್ಟಿಗೆಯ ಹೊರಗೆ ಉಳಿದಿದ್ದ ಆಕೆಯ ದಾಖಲೆ ಅಂದರೆ ಆ ಪಾಸ್‌ಬುಕ್ಕು ಒಂದೇ. ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಅದು ಅವತ್ತು ಹೊಳೆಯಿತು.

ರೇಡ್ ಅಂದರೆ ನಕಲು ಇಟ್ಟಂತೆ ಅಂತ ಬಹಳ ಮಂದಿ ತಿಳಿಯುತ್ತಾರೆ. ಅದು ತಪ್ಪು. ಡಿಸ್ಕು ಕೆಟ್ಟರೆ ಅದು ಕಾಯುತ್ತದೆ. ಬೆಂಕಿ ಬಿದ್ದರೆ, ಕಳವಾದರೆ ಕಾಯುವುದಿಲ್ಲ. ನಾವೇ ತಪ್ಪಿ ಅಳಿಸಿದರೆ ಅಳಿಸಿದ್ದನ್ನೇ ಎಲ್ಲ ಡಿಸ್ಕಿಗೂ ನಿಷ್ಠೆಯಿಂದ ಬರೆಯುತ್ತದೆ. 2012ರ ಜೂನ್ 21ರಂದು ಮುಂಬಯಿಯ ಮಂತ್ರಾಲಯಕ್ಕೆ ಬೆಂಕಿ ಬಿದ್ದು ಜೀವಗಳೂ ಹೋದವು, ಎಷ್ಟೋ ಕಡತಗಳೂ ಸುಟ್ಟವು. ಒಂದೇ ಮಾಳಿಗೆಯ ಕೆಳಗೆ ಎಷ್ಟು ನಕಲಿದ್ದರೂ ಬೆಂಕಿಗೆ ಅವೆಲ್ಲ ಒಂದೇ.

ತಾಡೋಲೆ ನಕಲು ಮಾಡಿದವರಿಗೆ ಇದು ಗೊತ್ತಿತ್ತು. ಒಂದು ಕಟ್ಟು ಈ ಊರಿನಲ್ಲಿ, ಒಂದು ಆ ಊರಿನಲ್ಲಿ. ನಮ್ಮ ಶಾಲೆಗಳ ದಾಖಲಾತಿ, ಸೊಸಾಯಿಟಿಯ ಲೆಕ್ಕ, ಈ ವಾಚನಾಲಯದ ಪುಸ್ತಕಗಳ ಯಾದಿ ಈಗ ಕಂಪ್ಯೂಟರಿಗೆ ಹೋಗುತ್ತಿವೆ. ಗುರುಗಳಿಗೆ ನನ್ನ ವಿನಂತಿ ಇಷ್ಟೇ: ಒಂದು ನಕಲು ಬೇರೆ ಮನೆಯಲ್ಲಿ ಇಡಿರಿ. ವರ್ಷಕ್ಕೊಮ್ಮೆಯಾದರೂ ತೆರೆದು, ಓದಲಿಕ್ಕೆ ಬರುತ್ತದೋ ಇಲ್ಲೋ ನೋಡಿರಿ. ಕಿತ್ತಳೆ ದೀಪ ಹತ್ತಿದ್ದರೆ "ಕೆಲಸ ನಡದದ ಬಿಡ್ರಿ" ಅನ್ನಬೇಡಿ.